ನಿಲ್ಲಬೇಕಾದದ್ದು ರಂಗಸ್ಥಳ, ಕುಣಿಯಬೇಕಾದದ್ದು ವೇಷ: ಅಲುಗಾಡಿದ ಯಕ್ಷಗಾನ ವಿಡಿಯೊ ಒಂದರ ಸ್ಥಿರೀಕರಣ

ಹಿನ್ನೆಲೆ

ಯಕ್ಷಗಾನದ ಬಡಗು ಶೈಲಿಯಾದ ಬಡಗುತಿಟ್ಟಿನ ಹಿರಿಯ ವೇಷಧಾರಿಯೊಬ್ಬರು ಎಪ್ಪತ್ತು ದಾಟಿದ ಪ್ರಾಯದಲ್ಲಿ, ತಮ್ಮೂರ ದೇವಸ್ಥಾನದ ಬಯಲಿನಲ್ಲಿ, ಕೊನೆಯ ಬಾರಿ ಗೆಜ್ಜೆ ಕಟ್ಟಿದ ರಾತ್ರಿಯನ್ನು ಅವರ ಮೊಮ್ಮಗ ಮೊಬೈಲಿನಲ್ಲಿ ಚಿತ್ರೀಕರಿಸಿದ್ದ. ಅದೇ ಕೊನೆಯ ವೇಷವಾಗುತ್ತದೆಂದು ಆಗ ಯಾರಿಗೂ ತಿಳಿದಿರಲಿಲ್ಲವಾದ್ದರಿಂದ ಬೇರೆ ಕ್ಯಾಮೆರಾದ ಏರ್ಪಾಡು ಇರಲಿಲ್ಲ, ಟ್ರೈಪಾಡ್ ಇರಲಿಲ್ಲ. ಹುಡುಗ ಸಭೆಯ ನಡುವೆ ಕೆಲಹೊತ್ತು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೆಲಹೊತ್ತು ಎದ್ದು ನಿಂತು, ಜೂಮ್ ಮಾಡಿ ತೆಗೆದಿದ್ದ. ಮರುವರ್ಷ ಕಲಾವಿದರು ತೀರಿಕೊಂಡರು. ಸಂಸ್ಮರಣ ಕಾರ್ಯಕ್ರಮದಲ್ಲಿ ತೋರಿಸಲು ಒಂದು ಕಿರು ಸಾಕ್ಷ್ಯಚಿತ್ರ ಬೇಕೆಂದು ಕುಟುಂಬದವರು ನಮ್ಮ ಸಂಕಲನ ಕೊಠಡಿಗೆ ಬಂದಾಗ, ಅವರ ಕುಣಿತದ ದಾಖಲೆಯೆಂದು ಅವರ ಬಳಿ ಉಳಿದಿದ್ದದ್ದು ಈ ಒಂದೇ ವಿಡಿಯೊ.

ಕುಟುಂಬದ ಒಪ್ಪಿಗೆಯಿಂದ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಕಲಾವಿದರ ಹೆಸರು, ಊರು, ಮೇಳ, ಪ್ರಸಂಗ ಯಾವುದನ್ನೂ ಇಲ್ಲಿ ಹೇಳಿಲ್ಲ; ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ವಿವರಗಳು ಮಾತ್ರ ಇದ್ದಂತೆಯೇ ಇವೆ, ಏಕೆಂದರೆ ಇಂಥದೇ ವಿಡಿಯೊಗಳು ಇಂದು ಕರಾವಳಿ, ಮಲೆನಾಡುಗಳ ಎಷ್ಟೋ ಮನೆಗಳ ಮೊಬೈಲುಗಳಲ್ಲಿವೆ ಮತ್ತು ಅವುಗಳಲ್ಲಿ ಹಲವು ಮುಂದೆ ಒಬ್ಬ ಕಲಾವಿದನ ಏಕೈಕ ದಾಖಲೆಯಾಗಿ ಉಳಿಯಲಿವೆ.

ಕುಟುಂಬದವರು ಮೊದಲು ಕೊಟ್ಟದ್ದು ವಾಟ್ಸ್ಆ್ಯಪ್‌ನಲ್ಲಿ ಓಡಾಡಿದ ಪ್ರತಿ. ನೋಡುವುದಕ್ಕೆ ಅದು ಅಷ್ಟೇನೂ ಕೆಟ್ಟದಾಗಿ ಕಾಣುತ್ತಿರಲಿಲ್ಲ. ಆದರೆ ಸ್ಥಿರೀಕರಣ, ಅಂದರೆ ಅಲುಗುವ ಚಿತ್ರವನ್ನು ನಿಲ್ಲಿಸುವ ಕೆಲಸ, ಮಾಡುವ ತಂತ್ರಾಂಶ ಚಿತ್ರವನ್ನು ನಮ್ಮ ಹಾಗೆ ನೋಡುವುದಿಲ್ಲ. ಅದು ಪ್ರತಿ ಫ್ರೇಮಿನಲ್ಲಿ ಎದ್ದು ಕಾಣುವ ಸಣ್ಣಸಣ್ಣ ಬಿಂದುಗಳನ್ನು, ಅಂದರೆ ಕಂಬದ ಅಂಚು, ಹಗ್ಗದ ಗಂಟು, ದೀಪದ ಮೂಲೆ ಇಂಥವುಗಳನ್ನು ಹುಡುಕಿ, ಮುಂದಿನ ಫ್ರೇಮಿನಲ್ಲಿ ಅವು ಎಲ್ಲಿಗೆ ಸರಿದಿವೆಯೆಂದು ಅಳೆದು, ಆ ಸರಿತದಿಂದ ಕ್ಯಾಮೆರಾ ಹೇಗೆ ಅಲುಗಿತೆಂದು ಊಹಿಸುತ್ತದೆ. ಸಂಕುಚಿತಗೊಂಡ ಪ್ರತಿಯಲ್ಲಿ ಇಂಥ ಸೂಕ್ಷ್ಮ ಬಿಂದುಗಳೇ ಅಳಿಸಿಹೋಗಿರುತ್ತವೆ. ಅವುಗಳ ಜಾಗದಲ್ಲಿ ಸಂಕೋಚನದಿಂದ ಹುಟ್ಟಿದ ಚೌಕುಳಿ ಕಲೆಗಳಿರುತ್ತವೆ. ಆದ್ದರಿಂದ ಮೊಮ್ಮಗನ ಹಳೆಯ ಮೊಬೈಲನ್ನೇ ತರಿಸಿ, ಮೂಲ ಕಡತವನ್ನು ಕೇಬಲ್ ಮೂಲಕ ನಕಲು ಮಾಡಿಕೊಂಡೆವು. ಈ ಕೆಲಸ ಚಿಕ್ಕದಾದರೂ ಇಡೀ ಪ್ರಕರಣದಲ್ಲಿ ಫಲಿತಾಂಶವನ್ನು ಅತಿ ಹೆಚ್ಚು ಬದಲಿಸಿದ ನಿರ್ಧಾರಗಳಲ್ಲಿ ಇದೂ ಒಂದು. ಮೂಲ ಕಡತ 1920×1080 ಗಾತ್ರದ್ದಾಗಿದ್ದು, ಸೆಕೆಂಡಿಗೆ ಸುಮಾರು 30 ಫ್ರೇಮುಗಳ, ಆದರೆ ಏರಿಳಿಯುವ ವೇಗದ ದಾಖಲೆಯಾಗಿತ್ತು.

ಸಮಸ್ಯೆ

ಚಿತ್ರ ಅಲುಗುತ್ತದೆ ಎಂದಷ್ಟೇ ಹೇಳಿದರೆ ಸಮಸ್ಯೆಯನ್ನು ವಿವರಿಸಿದಂತಾಗುವುದಿಲ್ಲ. ಈ ವಿಡಿಯೊದಲ್ಲಿ ಹಲವು ಬಗೆಯ ಅಲುಗಾಟಗಳು ಒಂದರ ಮೇಲೊಂದು ಕೂತಿದ್ದವು, ಮತ್ತು ಅವಕ್ಕೆಲ್ಲ ಒಂದೇ ಮದ್ದು ಇರಲಿಲ್ಲ.

ಮೊದಲನೆಯದು ಕೈಯ ಸಹಜ ನಡುಕ. ಸಾಮಾನ್ಯ ಮೊಬೈಲಿನ ಮುಖ್ಯ ಮಸೂರ ಅಡ್ಡಕ್ಕೆ ಸುಮಾರು 65ರಿಂದ 70 ಡಿಗ್ರಿಗಳಷ್ಟು ನೋಟವನ್ನು ಹಿಡಿಯುತ್ತದೆ. ಅದು 1920 ಪಿಕ್ಸೆಲ್‌ಗಳಲ್ಲಿ ಹರಡಿದಾಗ ಒಂದು ಡಿಗ್ರಿಗೆ 28 ಪಿಕ್ಸೆಲ್ ಆಸುಪಾಸು ಬರುತ್ತದೆ. ಮೂರುಪಟ್ಟು ಜೂಮ್ ಮಾಡಿದರೆ ಅದೇ ಒಂದು ಡಿಗ್ರಿಯ ಕೈನಡುಕ 80ಕ್ಕೂ ಹೆಚ್ಚು ಪಿಕ್ಸೆಲ್‌ಗಳ ಜಿಗಿತವಾಗುತ್ತದೆ. ಹುಡುಗ ಅಜ್ಜನ ಮುಖ ಕಾಣಲೆಂದು ಜೂಮ್ ಮಾಡಿದಾಗಲೆಲ್ಲ ಅಲುಗಾಟ ವಿಪರೀತವಾಗಿದ್ದಕ್ಕೆ ಇದೇ ಕಾರಣ. ಅವನ ಕೈ ಆ ಕ್ಷಣದಲ್ಲಿ ಹೆಚ್ಚು ನಡುಗಿತ್ತೆಂದಲ್ಲ.

ಎರಡನೆಯದು, ವೇಷ ರಂಗಸ್ಥಳದಲ್ಲಿ ಸುತ್ತು ಹಾಕುವಾಗ ಮೊಬೈಲೂ ಅದರ ಜೊತೆ ತಿರುಗಿದ್ದು. ಇದು ದೋಷವಲ್ಲ, ನೋಡುವವನ ಉದ್ದೇಶ. ಮೂರನೆಯದು, ಪಕ್ಕದವರ ಭುಜ ತಾಗಿದಾಗ, ಯಾರೋ ಎದುರಿನಿಂದ ಎದ್ದು ಹೋದಾಗ ಆದ ದೊಡ್ಡ ಕುಲುಕುಗಳು. ನಾಲ್ಕನೆಯದು, ಹುಡುಗ ಎದ್ದು ರಂಗಸ್ಥಳದ ಸಮೀಪಕ್ಕೆ ನಡೆಯುತ್ತಲೇ ತೆಗೆದ ಒಂದು ತುಣುಕು. ಅಲ್ಲಿ ಕ್ಯಾಮೆರಾ ತಿರುಗಿದ್ದಷ್ಟೇ ಅಲ್ಲ, ಜಾಗವನ್ನೇ ಬದಲಿಸಿದೆ. ಹತ್ತಿರದ ತಲೆಗಳು ಬೇಗ ಸರಿಯುತ್ತವೆ, ದೂರದ ಕಂಬಗಳು ನಿಧಾನವಾಗಿ ಸರಿಯುತ್ತವೆ. ಕೂತಲ್ಲೇ ತಿರುಗಿದ ಕ್ಯಾಮೆರಾದ ಅಲುಗಾಟವನ್ನು ಇಡೀ ಚೌಕಟ್ಟನ್ನು ಸರಿಸಿ, ತಿರುಗಿಸಿ ಸರಿಪಡಿಸಬಹುದು. ನಡೆದ ಕ್ಯಾಮೆರಾದ ಅಲುಗಾಟ ಅಷ್ಟಕ್ಕೆ ಬಗ್ಗುವುದಿಲ್ಲ.

ಇವುಗಳ ಜೊತೆಗೆ ಬೆಳಕಿನ ಕೊರತೆ. ರಾತ್ರಿಯ ಬಯಲಾಟದಲ್ಲಿ ಮೊಬೈಲು ತಾನಾಗಿಯೇ ಷಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಹೀಗಾಗಿ ಕುಲುಕಿದ ಕ್ಷಣದ ಫ್ರೇಮುಗಳು ಜಾಗ ತಪ್ಪಿರುವುದಲ್ಲದೆ ಮಸುಕಾಗಿಯೂ ಇದ್ದವು. ಸ್ಥಿರೀಕರಣ ಫ್ರೇಮನ್ನು ಅದರ ಜಾಗಕ್ಕೆ ತಂದು ಕೂರಿಸುತ್ತದೆಯೇ ಹೊರತು ಅದರ ಮಸುಕನ್ನು ತೆಗೆಯುವುದಿಲ್ಲ. ಮೊಬೈಲಿನ ಸಂವೇದಕ ಚಿತ್ರವನ್ನು ಒಮ್ಮೆಗೇ ಹಿಡಿಯದೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತಾ ಹೋಗುವುದರಿಂದ, ವೇಗವಾಗಿ ತಿರುಗಿದಾಗ ನೆಟ್ಟಗಿರುವ ಕಂಬಗಳು ಓರೆಯಾಗಿ ದಾಖಲಾಗುತ್ತವೆ. ಇದನ್ನು ರೋಲಿಂಗ್ ಷಟರ್ ದೋಷವೆನ್ನುತ್ತಾರೆ. ಅಲುಗುವ ಚಿತ್ರದಲ್ಲಿ ಆ ಓರೆ ಕಣ್ಣಿಗೆ ಬೀಳದು. ಚಿತ್ರ ನಿಂತ ಮೇಲೆ ಕಂಬ ಎಡಬಲಕ್ಕೆ ವಾಲುವುದು ಸ್ಪಷ್ಟವಾಗಿ ಕಾಣುತ್ತದೆ.

ಕ್ಯಾಮೆರಾದ ಗೈರೊ, ಅಂದರೆ ಅದು ಹೇಗೆ ತಿರುಗಿತೆಂದು ಅಳೆಯುವ ಸಂವೇದಕದ, ಮಾಹಿತಿಯನ್ನು ಬಳಸಿ ಸ್ಥಿರಗೊಳಿಸುವ ಗೈರೊಫ್ಲೋದಂಥ ಉಚಿತ ತಂತ್ರಾಂಶಗಳು ಇಂದು ಇವೆ, ಮತ್ತು ಚಿತ್ರದೊಳಗಿನ ಚಲನೆಯಿಂದ ಮೋಸಹೋಗದ ಕಾರಣ ಕುಣಿತದ ದೃಶ್ಯಗಳಿಗೆ ಅವು ಬಹಳ ಒಳ್ಳೆಯವು. ಆದರೆ ಚಿತ್ರೀಕರಣದ ಹೊತ್ತಿನಲ್ಲೇ ಆ ಮಾಹಿತಿ ದಾಖಲಾಗಿರಬೇಕು. ಈ ಮೊಬೈಲಿನ ಸಾಮಾನ್ಯ ಕ್ಯಾಮೆರಾ ಆ್ಯಪ್ ಅದನ್ನು ಉಳಿಸಿರಲಿಲ್ಲ. ಚಿತ್ರವನ್ನೇ ನೋಡಿ ಚಲನೆಯನ್ನು ಊಹಿಸುವ ದಾರಿಯೊಂದೇ ನಮಗಿದ್ದದ್ದು.

ಮೊದಲ ಪ್ರಯತ್ನ ಮತ್ತು ಮದ್ದಳೆಗಾರರ ಮಾತು

ಏರಿಳಿಯುವ ಫ್ರೇಮ್ ವೇಗವನ್ನು ಮೊದಲು ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರ ವೇಗಕ್ಕೆ ತಂದೆವು. ಹಾಗೆ ಮಾಡದಿದ್ದರೆ ದೀರ್ಘ ದೃಶ್ಯದಲ್ಲಿ ಚಿತ್ರಕ್ಕೂ ಧ್ವನಿಗೂ ಅಂತರ ಬೆಳೆಯುತ್ತಾ ಹೋಗುವ ಸಂಭವವಿರುತ್ತದೆ. ಯಕ್ಷಗಾನದಲ್ಲಿ ಚಂಡೆಯ ಪೆಟ್ಟಿಗೂ ಹೆಜ್ಜೆಗೂ ಒಂದೆರಡು ಫ್ರೇಮುಗಳಷ್ಟು ವ್ಯತ್ಯಾಸವಾದರೂ ಬಲ್ಲವರ ಕಣ್ಣು ಅದನ್ನು ಹಿಡಿಯುತ್ತದೆ.

ನಂತರ ನಮ್ಮ ಸಂಕಲನಕಾರ ಅಡೋಬಿ ಕಂಪನಿಯ ಸಂಕಲನ ತಂತ್ರಾಂಶ ಪ್ರೀಮಿಯರ್ ಪ್ರೋದಲ್ಲಿ ವಾರ್ಪ್ ಸ್ಟೆಬಿಲೈಸರ್ ಎಂಬ ಸ್ಥಿರೀಕರಣ ಸಾಧನವನ್ನು ಹಾಕಿದ. ಈ ಸಾಧನ 2011ರಲ್ಲಿ ಅದೇ ಕಂಪನಿಯ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದ ಸಿಎಸ್5.5 ಆವೃತ್ತಿಯೊಂದಿಗೆ ಬಂದು, ಮರುವರ್ಷ ಪ್ರೀಮಿಯರ್ ಸಿಎಸ್6ಕ್ಕೂ ಸೇರಿತು. ಬಳಸುವುದು ಸುಲಭವಾದ್ದರಿಂದ ಹೆಚ್ಚಿನವರು ಮೊದಲು ಹಿಡಿಯುವುದು ಇದನ್ನೇ. ಅದರ ಮೂಲ ಹೊಂದಿಕೆಯಲ್ಲಿ ಸ್ಮೂತ್‌ನೆಸ್ ಶೇ. 50 ಇರುತ್ತದೆ (ಅಲುಗಾಟವನ್ನು ಎಷ್ಟು ನಯಮಾಡಬೇಕೆಂಬುದರ ಅಳತೆ ಇದು), ವಿಧಾನ ಸಬ್‌ಸ್ಪೇಸ್ ವಾರ್ಪ್ ಆಗಿರುತ್ತದೆ, ಅಂಚುಗಳ ಖಾಲಿ ಜಾಗ ಕಾಣದಂತೆ ಚಿತ್ರ ತಾನಾಗಿಯೇ ಹಿಗ್ಗುತ್ತದೆ. ಸಬ್‌ಸ್ಪೇಸ್ ವಾರ್ಪ್ ವಿಧಾನದಲ್ಲಿ ಚಿತ್ರವಿಡೀ ಒಂದು ಹಲಗೆಯಂತೆ ಸರಿಯುವುದಿಲ್ಲ. ಚೌಕಟ್ಟಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ಪ್ರಮಾಣದಲ್ಲಿ ಎಳೆಯಲ್ಪಡುತ್ತವೆ, ಕುಗ್ಗಿಸಲ್ಪಡುತ್ತವೆ. ನಡೆಯುತ್ತಾ ತೆಗೆದ ಬೀದಿಯ ದೃಶ್ಯ, ತೋಟದ ದೃಶ್ಯಗಳಲ್ಲಿ ಇದು ಬೆರಗಾಗುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಇಲ್ಲಿಯೂ ಮೊದಲ ನೋಟಕ್ಕೆ ಫಲಿತಾಂಶ ಸಮಾಧಾನಕರವಾಗಿಯೇ ಕಂಡಿತು. ನಡುಕ ಹೋಗಿತ್ತು. ಕುಟುಂಬದವರು ನೋಡಿ ಸಂತೋಷಪಟ್ಟರು. ಕಲಾವಿದರ ಜೊತೆ ಬಹುಕಾಲ ಹಿಮ್ಮೇಳದಲ್ಲಿದ್ದ ಮದ್ದಳೆಗಾರರೊಬ್ಬರನ್ನು ಅವರ ನೆನಪುಗಳನ್ನು ದಾಖಲಿಸಲೆಂದು ಅದೇ ದಿನ ಕರೆಸಿದ್ದೆವು. ಅವರಿಗೂ ಮಂಡಿಯ ಭಾಗವನ್ನು ತೋರಿಸಿದೆವು. ಮಂಡಿಯೆಂದರೆ ಬಡಗುತಿಟ್ಟಿನಲ್ಲಿ ನೆಲಕ್ಕೆ ಮಂಡಿಯೂರಿ ಸುತ್ತುವ ಕುಣಿತ. ಆ ಪ್ರಾಯದಲ್ಲಿ ಅದನ್ನು ಮಾಡಿದ್ದೇ ದೊಡ್ಡದು, ಸಾಕ್ಷ್ಯಚಿತ್ರದ ತಿರುಳೇ ಅದಾಗಬೇಕಿತ್ತು. ಅವರು ಎರಡು ಬಾರಿ ನೋಡಿ ಹೇಳಿದರು: "ಇದು ಅವರ ಮಂಡಿ ಅಲ್ಲ ಮಾರಾಯ್ರೇ. ಅವರು ನೆಲ ಹಿಡಿದು ತಿರುಗುವವರು. ಇಲ್ಲಿ ನೆಲವೇ ಅವರ ಜೊತೆ ತಿರುಗಿದ ಹಾಗೆ ಕಾಣುತ್ತದೆ."

ಈ ಪ್ರಕರಣದ ದಿಕ್ಕು ಬದಲಾದದ್ದು ಈ ಮಾತಿನಿಂದ. ದೃಶ್ಯವನ್ನು ನಿಧಾನಗತಿಯಲ್ಲಿ ಓಡಿಸಿ, ವೇಷವನ್ನು ಬಿಟ್ಟು ರಂಗಸ್ಥಳದ ಕಂಬಗಳನ್ನು ಮಾತ್ರ ನೋಡಿದಾಗ ಅವರು ಹೇಳಿದ್ದು ಅಕ್ಷರಶಃ ನಿಜವೆಂದು ಗೊತ್ತಾಯಿತು. ವೇಷ ಬಲಕ್ಕೆ ಸುತ್ತಿದಾಗ ಹಿಂದಿನ ಕಂಬಗಳು ತುಸು ಎಡಕ್ಕೆ ಜರುಗುತ್ತಿದ್ದವು, ಕಂಬದ ನಡುಭಾಗ ನೀರಿನಲ್ಲಿಟ್ಟ ಕೋಲಿನಂತೆ ಬಾಗುತ್ತಿತ್ತು. ಅದಕ್ಕಿಂತ ಕಳವಳದ ಸಂಗತಿಯೆಂದರೆ ವೇಷದ ಭುಜಕೀರ್ತಿಗಳ ನಡುವಿನ ಅಂತರ ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತಿತ್ತು. ಅಂದರೆ ತಂತ್ರಾಂಶ ಹಿನ್ನೆಲೆಯನ್ನಷ್ಟೇ ಅಲ್ಲ, ಕುಣಿಯುತ್ತಿದ್ದವರ ಮೈಯ ರೇಖೆಯನ್ನೂ ತಿದ್ದುತ್ತಿತ್ತು.

ಹೀಗೇಕಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಕ್ಷಗಾನದ ವೇಷ ಎಂಬುದು ಹೊಳಪಿನ, ಗಾಢ ವರ್ಣವೈರುಧ್ಯದ ಬಿಂದುಗಳ ರಾಶಿ. ಮುಂಡಾಸಿನ ಜರಿಪಟ್ಟಿ, ಎದೆಕಟ್ಟು, ಭುಜಕೀರ್ತಿಯ ಕನ್ನಡಿ ಚೂರುಗಳು, ಸೀರೆಯ ಚೌಕುಳಿ ಇವೆಲ್ಲವೂ ಬಿಂದುಗಳನ್ನು ಹುಡುಕುವ ತಂತ್ರಾಂಶಕ್ಕೆ ಹಬ್ಬವೇ ಸರಿ. ಹಿಂದಿನ ಪರದೆ ಕತ್ತಲಲ್ಲಿ ಸಪ್ಪೆಯಾಗಿತ್ತು, ಕೆಳಗಿನ ಅರ್ಧ ಭಾಗದಲ್ಲಿ ಪ್ರೇಕ್ಷಕರ ಕಪ್ಪು ತಲೆಗಳಿದ್ದವು. ಪರಿಣಾಮವಾಗಿ ತಂತ್ರಾಂಶ ಆರಿಸಿಕೊಂಡ ಬಿಂದುಗಳಲ್ಲಿ ಹೆಚ್ಚಿನವು ವೇಷದ ಮೇಲೆಯೇ ಕೂತವು. ವೇಷದ ಚಲನೆಯನ್ನು ಅದು ಕ್ಯಾಮೆರಾದ ಚಲನೆಯೆಂದು ತಿಳಿದು, ವೇಷವನ್ನು ನಿಲ್ಲಿಸಲು ಹೊರಟಿತು. ರಂಗಸ್ಥಳ ನಿಂತು ವೇಷ ಕುಣಿಯಬೇಕಾದಲ್ಲಿ ವೇಷ ಅರ್ಧ ನಿಂತು ರಂಗಸ್ಥಳ ಕುಣಿಯಿತು.

ನಿಯಮವೊಂದನ್ನು ಇಟ್ಟುಕೊಂಡದ್ದು

ಈ ಹಂತದಲ್ಲಿ ನಾವು ಕೆಲಸ ನಿಲ್ಲಿಸಿ, ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ತೀರ್ಮಾನಿಸಿಕೊಂಡೆವು. ಮದುವೆಯ ವಿಡಿಯೊದಲ್ಲಿ ಅಥವಾ ಪ್ರವಾಸದ ವಿಡಿಯೊದಲ್ಲಿ ಗೋಡೆ ಕೂದಲೆಳೆಯಷ್ಟು ಬಾಗಿದರೆ ಯಾರಿಗೂ ನಷ್ಟವಿಲ್ಲ. ಆದರೆ ಕುಣಿತದ ದಾಖಲೆಯಲ್ಲಿ ಮೈಯ ರೇಖೆ, ಹೆಜ್ಜೆ ಊರುವ ಜಾಗ, ಸುತ್ತಿನ ವೇಗ ಇವೇ ವಿಷಯ. ನಾಳೆ ಒಬ್ಬ ವಿದ್ಯಾರ್ಥಿ ಈ ವಿಡಿಯೊ ನೋಡಿ ಅವರ ಮಂಡಿಯ ಕ್ರಮವನ್ನು ಕಲಿಯಲು ಹೊರಟರೆ, ಅವನು ಕಲಿಯುವುದು ಕಲಾವಿದರ ಕುಣಿತವನ್ನಾಗಬೇಕೇ ಹೊರತು ತಂತ್ರಾಂಶ ಹೊಸೆದ ಕುಣಿತವನ್ನಲ್ಲ. ಆದ್ದರಿಂದ ಇಡೀ ಚೌಕಟ್ಟನ್ನು ಒಟ್ಟಾಗಿ ಸರಿಸುವುದು, ತಿರುಗಿಸುವುದು, ಅಗತ್ಯವಿದ್ದರೆ ತುಸು ಹಿಗ್ಗಿಸುವುದು ಮಾತ್ರ ಸಮ್ಮತ. ಚೌಕಟ್ಟಿನೊಳಗಿನ ಭಾಗಗಳನ್ನು ಬೇರೆ ಬೇರೆಯಾಗಿ ಎಳೆಯುವ ಯಾವ ವಿಧಾನವೂ ಬೇಡ ಎಂದು ನಿಶ್ಚಯಿಸಿದೆವು. ಇದರಿಂದ ಸ್ವಲ್ಪ ಅಲುಗಾಟ ಉಳಿಯುತ್ತದೆಂದು ಕುಟುಂಬದವರಿಗೆ ಮೊದಲೇ ತಿಳಿಸಿದೆವು. ಕಲಾವಿದರ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಯ್ಯನ ಮಂಡಿ ಸರಿಯಾಗಿ ಕಾಣುತ್ತದಲ್ಲ?" ಕಾಣುತ್ತದೆ ಎಂದೆವು.

ಎಷ್ಟು ಹಿಗ್ಗಿಸಬಹುದು ಎಂಬುದಕ್ಕೂ ಮಿತಿ ಹಾಕಿಕೊಂಡೆವು. ಅಲುಗುವ ಚಿತ್ರವನ್ನು ನಿಲ್ಲಿಸಿದಾಗ ಅಂಚುಗಳಲ್ಲಿ ಖಾಲಿ ಜಾಗ ಹುಟ್ಟುತ್ತದೆ. ಅದನ್ನು ಮರೆಮಾಡಲು ಚಿತ್ರವನ್ನು ಹಿಗ್ಗಿಸಲೇಬೇಕು. 1920×1080ರ ಚಿತ್ರವನ್ನು ಶೇ. 125ಕ್ಕೆ ಹಿಗ್ಗಿಸಿದರೆ ಮೂಲದಿಂದ ಉಳಿಯುವುದು 1536×864 ಪಿಕ್ಸೆಲ್‌ಗಳು ಮಾತ್ರ, ಅಂದರೆ ಚಿತ್ರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ. ಮೊಬೈಲಿನ ಡಿಜಿಟಲ್ ಜೂಮಿನಿಂದ ಮೊದಲೇ ಮೃದುವಾಗಿದ್ದ ಚಿತ್ರಕ್ಕೆ ಇದು ದುಬಾರಿ. ಜೊತೆಗೆ ಅಂಚುಗಳಲ್ಲಿದ್ದದ್ದು ವ್ಯರ್ಥ ಜಾಗವಲ್ಲ. ಒಂದು ಬದಿಯಲ್ಲಿ ಚಂಡೆಯವರು, ಹಿಂದೆ ಭಾಗವತರು ಇದ್ದರು. ಶೇ. 112ರ ಆಚೆ ಹೋಗಬಾರದೆಂದು ಗೆರೆ ಎಳೆದೆವು.

ಶಾಟುಗಳನ್ನು ಒಡೆದದ್ದು

ಆ ಮಿತಿಯೊಳಗೆ ಉಳಿಯಲು ನೆರವಾದದ್ದು ಸಂಕಲನದ ಕ್ರಮವನ್ನೇ ತಿರುಗಿಸಿದ್ದು. ಇಡೀ ದಾಖಲೆಯನ್ನು ಸ್ಥಿರಗೊಳಿಸಿ ಆಮೇಲೆ ಕತ್ತರಿಸುವ ಬದಲು, ಮೊದಲು ಬೇಕಾದ ಭಾಗಗಳನ್ನು ಕತ್ತರಿಸಿ ಆಮೇಲೆ ಒಂದೊಂದನ್ನೇ ಸ್ಥಿರಗೊಳಿಸಿದೆವು. ತಾನಾಗಿಯೇ ಹಿಗ್ಗಿಸುವ ಸಾಧನಗಳು ಸಾಮಾನ್ಯವಾಗಿ ಒಂದು ಕ್ಲಿಪ್ಪಿನ ಉದ್ದಕ್ಕೂ ಒಂದೇ ಪ್ರಮಾಣದ ಹಿಗ್ಗನ್ನು ಹಾಕುತ್ತವೆ, ಮತ್ತು ಆ ಪ್ರಮಾಣವನ್ನು ನಿರ್ಧರಿಸುವುದು ಆ ಕ್ಲಿಪ್ಪಿನ ಅತಿ ಕೆಟ್ಟ ಕುಲುಕು. ಎರಡು ನಿಮಿಷದ ಕ್ಲಿಪ್ಪಿನಲ್ಲಿ ಅರ್ಧ ಸೆಕೆಂಡಿನ ಒಂದು ದೊಡ್ಡ ಕುಲುಕಿದ್ದರೆ, ಅದರ ದಂಡವನ್ನು ಎರಡೂ ನಿಮಿಷಗಳು ತೆರುತ್ತವೆ. ಕುಲುಕಿನ ಹಿಂದೆ ಮುಂದೆ ಕತ್ತರಿ ಹಾಕಿ ಅದನ್ನು ಪ್ರತ್ಯೇಕ ಮಾಡಿದ ಕೂಡಲೇ ಉಳಿದ ಭಾಗಗಳಿಗೆ ಬೇಕಾದ ಹಿಗ್ಗು ಬಹಳ ಕಡಿಮೆಯಾಯಿತು. ಜೂಮ್ ಒಳಗೆ ಹೊರಗೆ ಹೋಗುವ ಜಾಗಗಳಲ್ಲೂ, ಕ್ಯಾಮೆರಾ ನಿಂತದ್ದು ತಿರುಗಲು ಶುರುಮಾಡುವ ಜಾಗಗಳಲ್ಲೂ ಹೀಗೆಯೇ ಒಡೆದೆವು.

ಕುಲುಕಿನ ಆ ತುಣುಕುಗಳನ್ನು ಏನು ಮಾಡುವುದು? ಅವುಗಳಲ್ಲಿನ ಫ್ರೇಮುಗಳು ಮಸುಕಾಗಿದ್ದವು. ಅವನ್ನು ಪೂರ್ತಿ ಸ್ಥಿರಗೊಳಿಸಿ ನೋಡಿದಾಗ, ನಿಂತ ಚಿತ್ರದ ನಡುವೆ ಇದ್ದಕ್ಕಿದ್ದಂತೆ ಮಸುಕು ಬಂದು ಹೋಗಿ, ಮಸೂರದ ಫೋಕಸ್ ತಪ್ಪಿದಂತೆ ಕಂಡಿತು. ಅಲುಗಾಟವಿದ್ದಾಗ ಮಸುಕಿಗೆ ಕಾರಣ ಕಣ್ಣಿಗೆ ಕಾಣುತ್ತದೆ, ಮನಸ್ಸು ಅದನ್ನು ಒಪ್ಪಿಕೊಳ್ಳುತ್ತದೆ. ಅಲುಗಾಟ ತೆಗೆದರೆ ಮಸುಕು ಅನಾಥವಾಗುತ್ತದೆ. ಪದ್ಯ ನಡೆಯುತ್ತಿದ್ದ ಜಾಗಗಳಲ್ಲಿ ಧ್ವನಿಯನ್ನು ಹಾಗೆಯೇ ಹರಿಯಲು ಬಿಟ್ಟು, ಆ ಅರ್ಧ ಸೆಕೆಂಡನ್ನೂ ಅದರ ಆಚೀಚೆಯ ಕೆಲವು ಕ್ಷಣಗಳನ್ನೂ ಕುಟುಂಬದ ಸಂಗ್ರಹದಲ್ಲಿದ್ದ ಹಿಮ್ಮೇಳದ ಚಿತ್ರಗಳಿಂದ ಮುಚ್ಚಿದೆವು. ಮುಚ್ಚಲು ಮನಸ್ಸಾಗದ ಜಾಗಗಳಲ್ಲಿ ಸ್ಥಿರೀಕರಣವನ್ನು ಉದ್ದೇಶಪೂರ್ವಕವಾಗಿ ತಗ್ಗಿಸಿ, ಕುಲುಕಿನ ಒಂದಂಶವನ್ನು ಉಳಿಸಿದೆವು. ಕುಲುಕಿನ ಹೊತ್ತಿಗೆ ಮೈಕಿಗೆ ಕೈ ತಾಗಿ ಬಂದ ಗುದ್ದಿನ ಸದ್ದನ್ನೂ ತಗ್ಗಿಸಬೇಕಾಯಿತು. ಚಿತ್ರ ಅಲುಗದೆ ಸದ್ದು ಮಾತ್ರ ಕೇಳಿಸಿದರೆ ನೋಡುವವರು ತಬ್ಬಿಬ್ಬಾಗುತ್ತಾರೆ.

ಸಾಧಾರಣ ಶಾಟುಗಳಿಗೆ ವಾರ್ಪ್ ಸ್ಟೆಬಿಲೈಸರನ್ನೇ ಇಟ್ಟುಕೊಂಡೆವು, ಆದರೆ ವಿಧಾನವನ್ನು ಸಬ್‌ಸ್ಪೇಸ್ ವಾರ್ಪ್‌ನಿಂದ ಪೊಸಿಷನ್, ಸ್ಕೇಲ್, ರೊಟೇಷನ್‌ಗೆ (ಇಡೀ ಚೌಕಟ್ಟನ್ನು ಒಟ್ಟಾಗಿ ಸರಿಸುವ, ಹಿಗ್ಗಿಸುವ, ತಿರುಗಿಸುವ ವಿಧಾನಕ್ಕೆ) ಬದಲಿಸಿ, ಸ್ಮೂತ್‌ನೆಸನ್ನು ಶೇ. 10ರ ಆಸುಪಾಸಿಗೆ ಇಳಿಸಿದೆವು. ಒಡ್ಡೋಲಗದ, ಅಂದರೆ ವೇಷ ರಂಗಸ್ಥಳಕ್ಕೆ ಪ್ರವೇಶಿಸುವ ಕುಣಿತದ, ಸುತ್ತುಗಳಲ್ಲಿ ಹುಡುಗ ಮೊಬೈಲನ್ನು ಅಜ್ಜನ ಜೊತೆ ತಿರುಗಿಸಿದ ಚಲನೆ ಹಾಗೆಯೇ ಉಳಿದು, ಅದರ ಮೇಲಿನ ನಡುಕ ಮಾತ್ರ ಕರಗಿತು. ಕ್ಯಾಮೆರಾವನ್ನು ಪೂರ್ತಿ ನಿಲ್ಲಿಸುವ ನೋ ಮೋಷನ್ ಹೊಂದಿಕೆಯನ್ನು ಇಂಥಲ್ಲಿ ಬಳಸಿದ್ದರೆ ಕೆಲಸ ಕೆಡುತ್ತಿತ್ತು. ಅದು ಆ ಚಲನೆಯ ವಿರುದ್ಧ ಹೋರಾಡಿ ಅರ್ಧ ಚೌಕಟ್ಟನ್ನೇ ನುಂಗುತ್ತದೆ. ಕೈಯಲ್ಲಿ ಹಿಡಿದ ಕ್ಯಾಮೆರಾ ಕೈಯಲ್ಲಿ ಹಿಡಿದಂತೆಯೇ ಕಾಣಲಿ, ಆದರೆ ನೋಟಕ್ಕೆ ಆಯಾಸವಾಗದಿರಲಿ ಎಂಬುದು ನನ್ನ ಒಲವು. ಅಜ್ಜನನ್ನು ಹಿಂಬಾಲಿಸಿದ ಮೊಮ್ಮಗನ ಕಣ್ಣೂ ಈ ದಾಖಲೆಯ ಒಂದು ಭಾಗವೇ.

ಮಂಡಿಯ ಶಾಟು

ಮಂಡಿಯ ಶಾಟಿಗೆ ಈ ಹೊಂದಿಕೆ ಸಾಕಾಗಲಿಲ್ಲ. ಮೈಯ ರೇಖೆ ಬಾಗುವುದು ನಿಂತರೂ, ಬಿಂದುಗಳಲ್ಲಿ ಬಹುಪಾಲು ಇನ್ನೂ ವೇಷದ ಮೇಲೆಯೇ ಇದ್ದುದರಿಂದ ರಂಗಸ್ಥಳ ಜರುಗುತ್ತಲೇ ಇತ್ತು. ಕ್ಲಿಪ್ಪನ್ನು ಆಫ್ಟರ್ ಎಫೆಕ್ಟ್ಸ್‌ಗೆ ಒಯ್ದು, ಅಲ್ಲಿನ ವಾರ್ಪ್ ಸ್ಟೆಬಿಲೈಸರಿನಲ್ಲಿ ಟ್ರ್ಯಾಕ್ ಪಾಯಿಂಟುಗಳನ್ನು ತೆರೆದು ತೋರಿಸುವ ಆಯ್ಕೆಯಿಂದ, ವೇಷದ ಮೇಲೂ ಪ್ರೇಕ್ಷಕರ ತಲೆಗಳ ಮೇಲೂ ಕೂತಿದ್ದ ಬಿಂದುಗಳನ್ನು ಆರಿಸಿ ಅಳಿಸಿದೆವು. ಆಗ ಉಳಿದ ಬಿಂದುಗಳು ತೀರ ವಿರಳವಾಗಿ, ಕೆಲವು ಫ್ರೇಮುಗಳಲ್ಲಿ ಚಿತ್ರ ಹಠಾತ್ತನೆ ಓಲಾಡಿತು. ಬೇರೆ ಎರಡು ಸಮೀಪದ ಶಾಟುಗಳಲ್ಲಿ ಇದೇ ದಾರಿ ಚೆನ್ನಾಗಿ ಫಲಿಸಿತೆಂಬುದನ್ನು ಹೇಳಬೇಕು. ಅಲ್ಲಿ ಹಿಂದಿನ ಪರದೆಯ ಮೇಲೆ ಬೆಳಕು ಬಿದ್ದು ಸಾಕಷ್ಟು ಬಿಂದುಗಳು ಸಿಕ್ಕಿದ್ದವು.

ಕೊನೆಗೆ ಹಳೆಯ, ನಿಧಾನದ ದಾರಿಗೆ ಹೊರಳಿದೆವು: ಎರಡು ಬಿಂದುಗಳನ್ನು ಕೈಯಾರೆ ಗುರುತಿಸಿ, ಅವುಗಳ ಆಧಾರದ ಮೇಲೆ ಮಾತ್ರ ಚೌಕಟ್ಟನ್ನು ಸರಿಸಿ ತಿರುಗಿಸುವುದು. ಆಫ್ಟರ್ ಎಫೆಕ್ಟ್ಸ್‌ನ ಟ್ರ್ಯಾಕರ್ ಫಲಕದಲ್ಲಿ ಸ್ಟೆಬಿಲೈಸ್ ಮೋಷನ್ ಎಂಬುದು ಈ ಕೆಲಸಕ್ಕೆಂದೇ ಇದೆ. ಯಾವ ಎರಡು ಬಿಂದುಗಳು ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಅವು ರಂಗಸ್ಥಳಕ್ಕೆ ಬಿಗಿಯಾಗಿ ಅಂಟಿಕೊಂಡಿರಬೇಕು, ಒಂದರಿಂದೊಂದು ದೂರವಿರಬೇಕು, ವೇಷವಾಗಲಿ ಪ್ರೇಕ್ಷಕರ ತಲೆಯಾಗಲಿ ಎಂದೂ ಅವುಗಳನ್ನು ಮರೆಮಾಡಬಾರದು. ಕಂಬಗಳ ನಡುವೆ ಕಟ್ಟಿದ್ದ ಮಾವಿನೆಲೆಯ ತೋರಣ ಕಣ್ಣಿಗೆ ಎದ್ದು ಕಂಡರೂ ಗಾಳಿಗೆ ಅಲುಗುತ್ತಿತ್ತು. ಟ್ಯೂಬ್‌ಲೈಟಿನ ತುದಿ ಚೆನ್ನಾಗಿ ಕಂಡರೂ ಅದರ ಸುತ್ತಲಿನ ಪ್ರಭೆ ಹಿಗ್ಗಿ ಕುಗ್ಗುತ್ತಾ ಬಿಂದುವಿನ ಅಂಚನ್ನು ಬದಲಿಸುತ್ತಿತ್ತು. ನಮಗೆ ಒದಗಿದ್ದು ಟ್ಯೂಬ್‌ಲೈಟಿನ ಪಟ್ಟಿಯನ್ನು ಕಂಬಕ್ಕೆ ಬಿಗಿದಿದ್ದ ಬಿಳಿ ಹಗ್ಗದ ಗಂಟು. ಎರಡು ಕಂಬಗಳಲ್ಲೂ ಅಂಥ ಗಂಟು ಇತ್ತು, ಎರಡೂ ವೇಷದ ಮುಂಡಾಸಿಗಿಂತ ಎತ್ತರದಲ್ಲಿದ್ದವು, ಕಪ್ಪು ಹಿನ್ನೆಲೆಯ ಮೇಲೆ ಬಿಳಿಯಾಗಿ ಸ್ಪಷ್ಟವಾಗಿದ್ದವು.

ಗಂಟುಗಳ ಮೇಲೆ ಬಿಂದುಗಳನ್ನಿಟ್ಟು ಟ್ರ್ಯಾಕ್ ಮಾಡಿ, ಮಸುಕಾದ ಫ್ರೇಮುಗಳಲ್ಲಿ ಬಿಂದು ಜಾರಿದ ಕಡೆಯೆಲ್ಲ ನಿಲ್ಲಿಸಿ ಕೈಯಿಂದ ಮತ್ತೆ ಗಂಟಿನ ಮೇಲೆ ಕೂರಿಸಿದೆವು. ಫ್ರೇಮಿನಿಂದ ಫ್ರೇಮಿಗೆ ಗುರುತನ್ನು ನವೀಕರಿಸಿಕೊಳ್ಳುವ ಹೊಂದಿಕೆಯಲ್ಲಿ ಬಿಂದು ಗೊತ್ತಾಗದಷ್ಟು ನಿಧಾನವಾಗಿ ಜಾರುತ್ತದೆ, ಹಾಗಾಗಿ ಈ ತಪಾಸಣೆಯನ್ನು ಬಿಡುವಂತಿರಲಿಲ್ಲ. ಸರಿಸುವಿಕೆ ಮತ್ತು ತಿರುಗುವಿಕೆ ಎರಡನ್ನು ಮಾತ್ರ ಅನ್ವಯಿಸಿ, ಗಾತ್ರವನ್ನು ಮುಟ್ಟಲಿಲ್ಲ. ಅದೃಷ್ಟಕ್ಕೆ ಆ ಹೊತ್ತಿನಲ್ಲಿ ಹುಡುಗ ಜೂಮ್ ಬಿಟ್ಟು ಇಡೀ ರಂಗಸ್ಥಳವನ್ನು ಹಿಡಿದು ಕೂತಿದ್ದ, ಕ್ಯಾಮೆರಾ ತಿರುಗಿರಲಿಲ್ಲ. ಆದ್ದರಿಂದ ಇಲ್ಲಿ ಪೂರ್ತಿ ನಿಲ್ಲಿಸುವುದೇ ಸರಿಯಾಗಿತ್ತು. ಅಂಚಿನ ಖಾಲಿ ಜಾಗವನ್ನು ಹಿಂದುಮುಂದಿನ ಫ್ರೇಮುಗಳಿಂದ ತುಂಬಿಸುವ ಸಿಂಥಸೈಸ್ ಎಡ್ಜಸ್ ಆಯ್ಕೆಯನ್ನು ಬೇರೊಂದು ಶಾಟಿನಲ್ಲಿ ಪರೀಕ್ಷಿಸಿ ನೋಡಿದ್ದೆವು. ಅಂಚಿನಲ್ಲಿ ತಲೆಗಳು ಅಲುಗುತ್ತಿದ್ದುದರಿಂದ ಒಂದೇ ತಲೆ ಎರಡೆರಡಾಗಿ ಕಾಣಿಸಿತು, ಅದನ್ನು ಬಿಟ್ಟೆವು. ಮಂಡಿಯ ಶಾಟು ಶೇ. 112ರ ಮಿತಿಯೊಳಗೆ ಬಂತು.

ಫಲಿತಾಂಶ

ಪರದೆಯ ಮೇಲೆ ಎರಡು ಕಂಬಗಳ ಪಕ್ಕದಲ್ಲಿ ನೇರ ಗೆರೆಗಳನ್ನು ಎಳೆದಿಟ್ಟು ಶಾಟನ್ನು ಓಡಿಸಿದಾಗ ಕಂಬಗಳು ಗೆರೆಯನ್ನು ಬಿಟ್ಟು ಕದಲಲಿಲ್ಲ. ರೋಲಿಂಗ್ ಷಟರಿನ ಅಲ್ಪ ಓರೆ ಕುಲುಕಿನ ಒಂದೆರಡು ಜಾಗಗಳಲ್ಲಿ ಉಳಿದಿತ್ತು. ಅದನ್ನು ತಿದ್ದಲು ಮತ್ತೆ ಚಿತ್ರವನ್ನು ಬಾಗಿಸಬೇಕಾಗುತ್ತಿದ್ದರಿಂದ ಹಾಗೆಯೇ ಬಿಟ್ಟೆವು. ಮದ್ದಳೆಗಾರರನ್ನು ಮತ್ತೆ ಕರೆಸಿ ದೊಡ್ಡ ಪರದೆಯ ಮೇಲೆ ತೋರಿಸಿದೆವು. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಅವರ ಬೆರಳುಗಳು ಕುರ್ಚಿಯ ತೋಳಿನ ಮೇಲೆ ತಾಳ ಹಾಕತೊಡಗಿದವು; ಅವರು ಈ ಬಾರಿ ನೋಡಿದ್ದು ಕುಣಿತವನ್ನು, ವಿಡಿಯೊವನ್ನಲ್ಲ. ಎರಡನೇ ಸುತ್ತಿನ ಕೊನೆಗೆ ಬಲ ಮಂಡಿ ತುಸು ತಡವಾಗಿ ಏಳುವುದನ್ನು ತೋರಿಸಿ, ಅದು ಅವರ ಹಳೆಯ ಪೆಟ್ಟಿನ ಗುರುತೆಂದರು. ಮೊದಲ ಆವೃತ್ತಿಯಲ್ಲಿ ಆ ತಡ ಕಾಣುತ್ತಲೇ ಇರಲಿಲ್ಲ, ತಂತ್ರಾಂಶ ಅದನ್ನು ನಯಮಾಡಿ ಅಳಿಸಿಬಿಟ್ಟಿತ್ತು. ಈ ಒಂದು ವಿವರ ಉಳಿದದ್ದಕ್ಕಾಗಿ ಅಷ್ಟೂ ಶ್ರಮ ಸಾರ್ಥಕವೆಂದು ನಾನು ಇಂದಿಗೂ ನಂಬಿದ್ದೇನೆ.

ಸಂಸ್ಮರಣ ಕಾರ್ಯಕ್ರಮದಲ್ಲಿ ಪ್ರೊಜೆಕ್ಟರಿನಲ್ಲಿ ತೋರಿಸಿದಾಗ ಒಡ್ಡೋಲಗದ ಭಾಗ ಇನ್ನಷ್ಟು ನಿಲ್ಲಬೇಕಿತ್ತೆಂದು ಕೆಲವರಿಗೆ ಅನ್ನಿಸಿತು. ಅದು ನ್ಯಾಯವಾದ ಟೀಕೆ. ಎಡಿಟಿಂಗ್ ಮೇಜಿನ ಚಿಕ್ಕ ಮಾನಿಟರಿನಲ್ಲಿ ಹಿತವೆನಿಸಿದ ಉಳಿಕೆ ನಡುಕ, ಗೋಡೆಯಗಲದ ಪರದೆಯ ಮೇಲೆ ಹೆಚ್ಚಾಗಿಯೇ ಕಾಣುತ್ತದೆ. ಇಂಥ ಕೆಲಸಕ್ಕೆ ಕೈಹಾಕುವವರು ಕೊನೆಗೆ ಯಾವ ಗಾತ್ರದ ಪರದೆಯಲ್ಲಿ ಅದು ಕಾಣಲಿದೆಯೆಂದು ಮೊದಲೇ ಕೇಳಿ, ಸಾಧ್ಯವಾದರೆ ಅದೇ ಗಾತ್ರದಲ್ಲಿ ನೋಡಿ ಸ್ಮೂತ್‌ನೆಸ್ ನಿರ್ಧರಿಸುವುದು ಒಳ್ಳೆಯದು. ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶವೇ ಬೇಕೆಂದೂ ಇಲ್ಲ. ಉಚಿತವಾಗಿಯೂ ಸಿಗುವ ಸಂಕಲನ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಸ್ಥಿರೀಕರಣದಲ್ಲಿ ಪರ್ಸ್ಪೆಕ್ಟಿವ್, ಸಿಮಿಲಾರಿಟಿ, ಟ್ರಾನ್ಸ್‌ಲೇಷನ್ ಎಂಬ ಮೂರು ವಿಧಾನಗಳಿವೆ. ಇಲ್ಲಿ ಹೇಳಿದ ನಿಯಮಕ್ಕೆ ಹೊಂದುವುದು ಕೊನೆಯ ಎರಡು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೊ ತಂತ್ರಾಂಶದ ಜೊತೆ ಕೆಲಸ ಮಾಡುವ ವಿಡ್‌ಸ್ಟ್ಯಾಬ್ ಚಲನೆಯನ್ನು ಅಳೆಯುವುದು ಮತ್ತು ಚಿತ್ರವನ್ನು ಸರಿಸುವುದನ್ನು ಎರಡು ಪ್ರತ್ಯೇಕ ಹಂತಗಳಾಗಿ ಮಾಡುತ್ತದೆ. ಕತ್ತಲ ದೃಶ್ಯಗಳಿಗೆ ಇದೊಂದು ಅನುಕೂಲ: ಬೆಳಕು ಹೆಚ್ಚಿಸಿ, ನಾಯ್ಸ್ (ಕತ್ತಲ ಚಿತ್ರದಲ್ಲಿ ಕಾಣುವ ಕಾಳುಕಾಳು ಕಲೆ) ತಗ್ಗಿಸಿದ ಪ್ರತಿಯ ಮೇಲೆ ಅಳತೆ ಮಾಡಿ, ಆ ಅಳತೆಯನ್ನು ಅದೇ ಗಾತ್ರದ, ಅಷ್ಟೇ ಫ್ರೇಮುಗಳಿರುವ ಮೂಲಕ್ಕೆ ಅನ್ವಯಿಸಬಹುದು.

ನಡೆಯುತ್ತಾ ತೆಗೆದ ತುಣುಕು ಮಾತ್ರ ನಮ್ಮ ನಿಯಮದೊಳಗೆ ಬಗ್ಗಲೇ ಇಲ್ಲ. ಸಬ್‌ಸ್ಪೇಸ್ ವಾರ್ಪ್‌ನಿಂದ ಅದು ನಯವಾಗುತ್ತಿತ್ತು, ಆದರೆ ಆ ಹೊತ್ತಿಗೆ ರಂಗಸ್ಥಳದಲ್ಲಿ ಕಲಾವಿದರು ಪದ್ಯಕ್ಕೆ ಅಭಿನಯಿಸುತ್ತಿದ್ದರು. ಅವರ ಮುಖದ ಅಗಲ ಹೆಜ್ಜೆಹೆಜ್ಜೆಗೂ ಬದಲಾಗುವುದನ್ನು ಒಪ್ಪಲಾಗಲಿಲ್ಲ. ಸಾಕ್ಷ್ಯಚಿತ್ರದಲ್ಲಿ ಅದರ ಧ್ವನಿಯನ್ನು ಮಾತ್ರ ಬಳಸಿಕೊಂಡೆವು. ಕುಟುಂಬಕ್ಕೆ ಒಪ್ಪಿಸಿದ ಡಿಸ್ಕಿನಲ್ಲಿ ಸಾಕ್ಷ್ಯಚಿತ್ರದ ಜೊತೆಗೆ ಮೊಬೈಲಿನ ಮೂಲ ಕಡತ ಕತ್ತರಿ ಬೀಳದೆ, ಈ ತುಣುಕೂ ಸೇರಿದಂತೆ, ಪೂರ್ತಿಯಾಗಿ ಇದೆ. ಯಾವ ಶಾಟನ್ನು ಯಾವ ವಿಧಾನದಿಂದ, ಎಷ್ಟು ಪ್ರಮಾಣದಲ್ಲಿ ಸ್ಥಿರಗೊಳಿಸಲಾಗಿದೆ, ಎಲ್ಲಿ ಏನನ್ನೂ ಮುಟ್ಟಿಲ್ಲ ಎಂಬ ಒಂದು ಪುಟದ ಟಿಪ್ಪಣಿಯನ್ನು ಕನ್ನಡದಲ್ಲಿ ಟೈಪ್ ಮಾಡಿ ಅದರ ಪಕ್ಕದಲ್ಲೇ ಇಟ್ಟಿದ್ದೇವೆ.